ಹೆಡ್ ಫೇಸ್ ಮಾಡುವ ಮೊದಲು ದಪ್ಪ ಅಳೆಯಿರಿ, ಅಳತೆಯನ್ನು ಬಿಲ್ಲಿನಲ್ಲಿ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಮೋಟಾರು ಗಾಡಿಯ ಎಂಜಿನ್ ಬಿಚ್ಚಿ ಮತ್ತೆ ಕಟ್ಟುವ ಮುನ್ನ ಅದರ ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್‌ನ ದಪ್ಪವನ್ನು ಮೈಕ್ರೋಮೀಟರ್ ಹಿಡಿದು ಅಳೆಯಬೇಕು, ಅಳತೆ ಎಷ್ಟು ಬಂತೆಂಬುದನ್ನು ಗಾಡಿಯ ಮಾಲೀಕನ ಕೈಗೆ ಬರೆದು ಕೊಡಬೇಕು ಎಂಬ ಒಂದು ಮಾತನ್ನು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ವಿಷಯ ವರ್ಕ್‌ಶಾಪಿನದು, ಪತ್ರಿಕೆಯ ಓದುಗರಿಗೆ ಇದೇಕೆ ಎಂದು ಕೆಲವರು ಕೇಳಬಹುದು. ಪುಣೆ, ಪಿಂಪ್ರಿ, ಚಿಂಚವಡ, ಭೋಸರಿ, ಚಾಕಣ ಈ ಭಾಗದಲ್ಲಿ ನೆಲೆಸಿರುವ ನಮ್ಮವರಲ್ಲಿ ಬಾಡಿಗೆ ಗಾಡಿ ಓಡಿಸುವವರು, ಹೋಟೆಲುಗಳಿಗೆ ಹಾಲು ತರಕಾರಿ ಸಾಗಿಸುವ ಟೆಂಪೋ ಇಟ್ಟುಕೊಂಡವರು, ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುವವರು ಬಹಳ ಜನರಿದ್ದಾರೆ. ಅವರಲ್ಲಿ ಹೆಚ್ಚಿನವರು ಕೊಂಡಿರುವುದು ಎರಡನೆಯ ಕೈಯ, ಮೂರನೆಯ ಕೈಯ ಗಾಡಿ. ಅಂಥ ಗಾಡಿಯ ಹೆಡ್ ಹಿಂದೆ ಎಷ್ಟು ಸಲ ಫೇಸ್ ಆಗಿದೆ, ಅಂದರೆ ಕೆಳಮೈ ಸಮ ಮಾಡಲೆಂದು ಲೋಹ ತೆಗೆಯುವ ಮಷಿನ್ನಿನ ಕೆಳಗೆ ಹೋಗಿ ಬಂದಿದೆ ಎಂಬುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಅದು ಗೊತ್ತಾಗದೆ ಕಟ್ಟಿದ ಎಂಜಿನ್ ಮತ್ತೆ ಕೆಟ್ಟಾಗ ಬಾಡಿಗೆಯೂ ನಿಲ್ಲುತ್ತದೆ, ಸಾಲದ ಕಂತೂ ನಿಲ್ಲುತ್ತದೆ.

ನಾನು ಗೋಕಾಕ ತಾಲ್ಲೂಕಿನವನು. 1981ರಲ್ಲಿ ಪುಣೆಗೆ ಬಂದೆ. ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಎಂಜಿನ್ ರಿಕಂಡಿಷನಿಂಗ್ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಮೊದಲು ಫಿಟ್ಟರನಾಗಿ, ಆಮೇಲೆ ತಪಾಸಣೆಯ ಮೇಜಿನಲ್ಲಿ, ಒಟ್ಟು 33 ವರ್ಷ ದುಡಿದು ನಿವೃತ್ತನಾಗಿದ್ದೇನೆ. ನಮ್ಮಲ್ಲಿ ಬಂದ ಪ್ರತಿಯೊಂದು ಹೆಡ್ ತಪಾಸಣೆಯ ಸರ್ಫೇಸ್ ಪ್ಲೇಟಿನ ಮೇಲೆ ಕೂತು ಎದ್ದ ಮೇಲೆಯೇ ಗ್ರೈಂಡಿಂಗ್ ಮಷಿನ್ನಿಗೆ ಹೋಗುತ್ತಿತ್ತು. ಆ ಪದ್ಧತಿಯನ್ನು ನನಗೆ ಕಲಿಸಿದ ಮೇಸ್ತ್ರಿ ಅಳತೆ ಬರೆಯದ ಹೆಡ್ಡನ್ನು ಮಷಿನ್ನಿನ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ.

ಈಗ ಬರೆಯುವ ಕಾರಣ ನಮ್ಮ ಮನೆಯಲ್ಲಿಯೇ ನಡೆದದ್ದು. ಕಳೆದ ಮಾರ್ಚ್ ತಿಂಗಳಲ್ಲಿ ನನ್ನ ತಂಗಿಯ ಮಗ ತನ್ನ ಸಿಎನ್‌ಜಿ ವ್ಯಾನಿನಲ್ಲಿ ಮನೆಮಂದಿಯನ್ನು ಕರೆದುಕೊಂಡು ಊರ ಜಾತ್ರೆಗೆ ಹೊರಟಿದ್ದ. ಖಂಬಾಟಕಿ ಘಾಟಿ ಏರುವಾಗ ರೇಡಿಯೇಟರಿನ ಮೇಲಿನ ಹೋಸ್ ಪೈಪು ಬಿರಿದು ನೀರೆಲ್ಲ ಸುರಿದುಹೋಯಿತು. ಹಿಂದೆ ಲಾರಿಗಳ ಸಾಲು, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಟೆಂಪರೇಚರ್ ಮುಳ್ಳು ಮೊದಲು ಏರಿ ಆಮೇಲೆ ತಾನಾಗಿಯೇ ಇಳಿದದ್ದನ್ನು ನೋಡಿ ಎಂಜಿನ್ ತಣ್ಣಗಾಯಿತು ಎಂದು ತಿಳಿದು ಅವನು ಮುಂದಕ್ಕೆ ಓಡಿಸಿದ. ಗಾಡಿ ಓಡಿಸುವವರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು: ಆ ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿರುವವರೆಗೆ ಮಾತ್ರ ನಿಜ ಹೇಳುತ್ತದೆ. ನೀರು ಖಾಲಿಯಾಗಿ ಸೆನ್ಸರ್ ಬರಿ ಗಾಳಿಯಲ್ಲಿ ಉಳಿದರೆ, ಲೋಹ ಕಾದು ಕೆಂಡವಾಗುತ್ತಿದ್ದರೂ ಮುಳ್ಳು ಇಳಿಯಬಹುದು.

ಗಾಡಿಯನ್ನು ಎಳೆಸಿಕೊಂಡು ಪುಣೆಗೆ ತಂದರು. ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ, ಅಂದರೆ ಹೆಡ್ ಗ್ಯಾಸ್ಕೆಟ್, ಸುಟ್ಟಿತ್ತು. ಗ್ಯಾರೇಜಿನವರು ಹೆಡ್ ಬಿಚ್ಚಿ ಫೇಸಿಂಗಿಗೆ ಒಂದು ಮಷಿನ್ ಶಾಪಿಗೆ ಕಳಿಸಿದರು, ಸಂಜೆಯೊಳಗೆ ಅದು ಹೊಳೆಹೊಳೆಯುತ್ತ ವಾಪಸು ಬಂತು. ಬಿಲ್ಲಿನಲ್ಲಿ ಬರೆದದ್ದು ‘ಹೆಡ್ ಫೇಸಿಂಗ್, 1 ನಗ’ ಎಂದಷ್ಟೇ. ಎಷ್ಟು ತೆಗೆದಿರಿ ಎಂದು ನನ್ನ ಅಳಿಯ ಕೇಳಿದ್ದಕ್ಕೆ ‘ಕಾಗದದಷ್ಟು’ ಎಂದರಂತೆ. ನಾವು ದಿನವೂ ಬಳಸುವ ಝೆರಾಕ್ಸ್ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್. ಬಹಳಷ್ಟು ಸಣ್ಣ ಎಂಜಿನ್ನುಗಳಲ್ಲಿ ಹೆಡ್ಡಿನಿಂದ ಅದರ ಇಡೀ ಆಯುಷ್ಯದಲ್ಲಿ ತೆಗೆಯಬಹುದಾದ ಲೋಹವೇ ಅಂಥ ಎರಡು ಮೂರು ಕಾಗದಗಳಷ್ಟು. ಇದಕ್ಕಿಂತ ಮೊದಲು ಎಷ್ಟು ಕಾಗದ ಹೋಗಿದ್ದವು ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲ.

ಎಂಜಿನ್ ಕಟ್ಟಿದರು, ಗಾಡಿ ಓಡಿತು. ಆದರೆ ಸಿಎನ್‌ಜಿ ಮುಗಿದು ಪೆಟ್ರೋಲಿಗೆ ಬದಲಿಸಿದಾಗಲೆಲ್ಲ ಏರಿನಲ್ಲಿ ಕಟಕಟ ಎಂಬ ಸದ್ದು ಕೇಳಿಸತೊಡಗಿತು. ಸಿಎನ್‌ಜಿಯ ಆಕ್ಟೇನ್ 120ಕ್ಕೂ ಮೇಲಿರುವುದರಿಂದ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಇಂಧನ ಒತ್ತಲ್ಪಡುವ ಪ್ರಮಾಣ, ಹೆಚ್ಚಾದರೂ ಅದು ಸಹಿಸಿಕೊಳ್ಳುತ್ತದೆ, ಪೆಟ್ರೋಲು ಸಹಿಸುವುದಿಲ್ಲ. ಸಿಎನ್‌ಜಿಯಲ್ಲಿ ಸುಮ್ಮನಿದ್ದು ಪೆಟ್ರೋಲಿನಲ್ಲಿ ಸದ್ದು ಮಾಡುವ ಎಂಜಿನ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತಿತ್ತು, ನಾವು ಕೇಳಿಸಿಕೊಳ್ಳಲಿಲ್ಲ. ಆರು ವಾರಗಳಲ್ಲಿ ಗ್ಯಾಸ್ಕೆಟ್ ಮತ್ತೆ ಹೋಯಿತು. ಈ ಸಲ ಅವನು ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನಿಗಡಿಯ ನಮ್ಮ ಮನೆಗೇ ತಂದು, ‘ಮಾಮಾ, ನೀವ ಒಂದ್ಸಲ ನೋಡ್ರಿ’ ಎಂದ.

ಹೆಡ್‌ನ ದಪ್ಪ ಎಂದರೆ ಗ್ಯಾಸ್ಕೆಟ್ ಕೂರುವ ಕೆಳಮೈಯಿಂದ ವಾಲ್ವ್ ಕವರ್ ಕೂರುವ ಮೇಲಿನ ಅಂಚಿನವರೆಗಿನ ಅಂತರ. ಕೆಲವರು ಇದನ್ನು ಹೆಡ್‌ನ ಎತ್ತರ ಎನ್ನುತ್ತಾರೆ. ಮೇಲಿನ ಅಂಚನ್ನು ಕಾರ್ಖಾನೆಯಲ್ಲಿ ಮಷಿನ್ ಮಾಡಿದ ಮೇಲೆ ಸಾಮಾನ್ಯವಾಗಿ ಮತ್ತೆ ಯಾರೂ ಮುಟ್ಟುವುದಿಲ್ಲ, ಆದ್ದರಿಂದ ಅದೇ ನಮಗೆ ಆಧಾರ. ಮೊದಲು ಎರಡೂ ಮೈಗಳನ್ನು ಶುಚಿ ಮಾಡಬೇಕು. ಹಳೆಯ ಗ್ಯಾಸ್ಕೆಟ್‌ನ ಚೂರುಗಳನ್ನು ಸಾಲ್ವೆಂಟ್ ಹಚ್ಚಿ ನೆನೆಸಿ ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಯಿಂದ ಕೆರೆಯಬೇಕೇ ಹೊರತು ಗ್ರೈಂಡರಿಗೆ ಸಿಕ್ಕಿಸಿದ ಸ್ಯಾಂಡಿಂಗ್ ಡಿಸ್ಕನ್ನು ಎಂದಿಗೂ ಹಚ್ಚಬಾರದು. ಅಲ್ಯೂಮಿನಿಯಂ ಮೆದು ಲೋಹ, ಡಿಸ್ಕ್ ಒಂದೆಡೆ ಒಂದು ಗಳಿಗೆ ಹೆಚ್ಚು ನಿಂತರೂ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಬೋಲ್ಟ್ ತೂತುಗಳ ಅಂಚಿನಲ್ಲಿ ಎದ್ದಿರುವ ಬರ್ ಅನ್ನು ಎಣ್ಣೆಕಲ್ಲಿನಿಂದ ಹಗುರವಾಗಿ ಸವರಿ ತೆಗೆದು, ಬೆರಳ ತುದಿ ಆಡಿಸಿ ನೋಡಿ ಖಚಿತ ಮಾಡಿಕೊಳ್ಳಬೇಕು.

ನಮ್ಮ ಮನೆಯಲ್ಲಿದ್ದದ್ದು 125ರಿಂದ 150 ಮಿಲಿಮೀಟರ್ ಅಳೆಯುವ ಮೈಕ್ರೋಮೀಟರ್. ಅದರ ಜೊತೆಗೇ ಬರುವ 125 ಮಿಲಿಮೀಟರಿನ ಸೆಟ್ಟಿಂಗ್ ರಾಡನ್ನು ಎರಡು ದವಡೆಗಳ ನಡುವೆ ಹಿಡಿದು ಸೊನ್ನೆ ಸರಿಯಿದೆಯೇ ನೋಡಿದೆ, ಹಾಗೆ ನೋಡದೆ ತೆಗೆದ ಅಳತೆಗೆ ಬೆಲೆಯಿಲ್ಲ. ಆಮೇಲೆ ಹೆಡ್ಡನ್ನು ಅಡ್ಡ ಮಲಗಿಸಿ, ಮುಂದಿನ ಎರಡು ಮೂಲೆ, ಹಿಂದಿನ ಎರಡು ಮೂಲೆ, ನಡುವಿನಲ್ಲಿ ಎರಡು ಬದಿ, ಹೀಗೆ ಆರು ಕಡೆ ಅಳೆದೆ. ಮೈಕ್ರೋಮೀಟರಿನ ತುದಿಯ ರಾಚೆಟ್ ತಿರುಪು ಮೂರು ಸಲ ಟಿಕ್ ಎಂದ ಮೇಲೆ ಕೈ ಬಿಡಬೇಕು. ಅದರ ಬದಲು ಥಿಂಬಲ್ ಎಂಬ ತಿರುಗುವ ಕೊಳವೆಯನ್ನೇ ಹಿಡಿದು ಬಿಗಿ ಮಾಡುವ ಹುಡುಗರನ್ನು ಬಹಳ ನೋಡಿದ್ದೇನೆ, ಅವರಿಗೆ ಮೈಕ್ರೋಮೀಟರ್ ಜಿ-ಕ್ಲಾಂಪಿನ ಹಾಗೆ ಕಾಣುತ್ತದೆ. ಪ್ರತಿ ಕಡೆ ಎರಡೆರಡು ಸಲ ಅಳೆದು, ಎರಡೂ ಒಂದೇ ಬಂದರೆ ಮಾತ್ರ ಬರೆದುಕೊಂಡೆ.

ಆ ಎಂಜಿನ್ನಿನ ಸರ್ವಿಸ್ ಪುಸ್ತಕದ ಪ್ರಕಾರ ಹೊಸ ಹೆಡ್‌ನ ದಪ್ಪ 127.00 ಮಿಲಿಮೀಟರ್, 126.80ಕ್ಕಿಂತ ಕೆಳಗೆ ಇಳಿದರೆ ಹೆಡ್ ಬದಲಿಸಬೇಕು. ನನಗೆ ಮುಂಭಾಗದಲ್ಲಿ 126.24, ಹಿಂಭಾಗದಲ್ಲಿ 126.21, ನಡುವಿನಲ್ಲಿ 126.38 ಸಿಕ್ಕಿತು. ಎರಡು ಕಾಗದದಷ್ಟು ತೆಗೆಯಲು ಅವಕಾಶವಿದ್ದ ಕಡೆ ಏಳೆಂಟು ಕಾಗದದಷ್ಟು ಹೋಗಿತ್ತು. ಇದು ಒಂದೇ ಮಷಿನ್ ಶಾಪಿನ ಕೆಲಸ ಎಂದು ನಾನು ಹೇಳುವುದಿಲ್ಲ. ಹಿಂದಿನ ಮಾಲೀಕರ ಕಾಲದಲ್ಲಿ ಒಂದೆರಡು ಸಲ ಆಗಿರಲೇಬೇಕು. ಆದರೆ ಕೊನೆಯವರು ಅಳೆದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಒಟ್ಟು ದಪ್ಪ ಇಳಿದದ್ದಕ್ಕಿಂತ ನಡುವಿನ ಆ 126.38 ಎಂಬ ಸಂಖ್ಯೆ ಹೆಚ್ಚು ಮಾತಾಡುತ್ತದೆ. ಕೆಳಮೈಯ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, ಮೂಲೆಯಿಂದ ಮೂಲೆಗೆ ಎರಡು, ಹೀಗೆ ಆರು ಸಲ ನೋಡಿದಾಗ 0.05 ಮಿಲಿಮೀಟರಿನ ಫೀಲರ್ ಗೇಜ್ ಪಟ್ಟಿ ಎಲ್ಲಿಯೂ ಒಳಗೆ ಹೋಗಲಿಲ್ಲ, ಅಂದರೆ ಕೆಳಮೈ ಸಮತಟ್ಟಾಗಿಯೇ ಇತ್ತು. ಹೆಡ್ ಫೇಸ್ ಮಾಡುವವರು ಸಾಮಾನ್ಯವಾಗಿ ನೋಡುವುದು ಇಷ್ಟನ್ನೇ. ಕೆಳಮೈ ಸಮವಾಗಿದ್ದೂ ನಡುವಿನಲ್ಲಿ ದಪ್ಪ ಹೆಚ್ಚು, ಎರಡು ತುದಿಗಳಲ್ಲಿ ಕಡಿಮೆ ಎಂದರೆ ಅರ್ಥ ಒಂದೇ: ಕಾವಿಗೆ ಇಡೀ ಹೆಡ್ ನಡುವೆ ಮೇಲೆದ್ದು ಬಾಗಿತ್ತು, ಬಾಗಿದ ಹೆಡ್ಡನ್ನು ನೆಟ್ಟಗೆ ಮಾಡದೆ ಹಾಗೆಯೇ ಮಷಿನ್ನಿಗೆ ಕಟ್ಟಿ ಕೆಳಮೈಯನ್ನು ಸಮ ಮಾಡಿದ್ದಾರೆ, ಮೇಲಿನ ಬಾಗು ಹಾಗೇ ಉಳಿದಿದೆ. ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಕೂರುವುದು ಹೆಡ್‌ನ ಮೇಲೆಯೇ. ಶಾಫ್ಟ್ ನೆಟ್ಟಗಿದೆ, ಅದನ್ನು ಹೊತ್ತ ಬೇರಿಂಗುಗಳ ಸಾಲು ಬಾಗಿದೆ. ರಾಕರುಗಳನ್ನು ತೆಗೆದು ಬರಿ ಕ್ಯಾಮ್ ಶಾಫ್ಟನ್ನು ಮಾತ್ರ ಕೂರಿಸಿ ಕೈಯಿಂದ ತಿರುಗಿಸಿದೆ. ಸರಿಯಾದ ಹೆಡ್‌ನಲ್ಲಿ ಅದು ಎರಡು ಬೆರಳಿಗೆ ತಿರುಗಬೇಕು. ಇದು ಪ್ರತಿ ಸುತ್ತಿನಲ್ಲಿ ನಡುವೆ ಹಿಡಿದುಕೊಳ್ಳುತ್ತಿತ್ತು, ಹೊರತೆಗೆದು ನೋಡಿದರೆ ನಡುವಿನ ಬೇರಿಂಗಿನಲ್ಲಿ ಕೂರುವ ಭಾಗದ, ಅಂದರೆ ಜರ್ನಲ್‌ನ ಮೇಲೆ ಉಗುರಿಗೆ ಸಿಗುವಷ್ಟು ಗೆರೆಗಳು ಬಿದ್ದಿದ್ದವು. ಇನ್ನೂ ಕೆಲವು ತಿಂಗಳು ಓಡಿದ್ದರೆ ಶಾಫ್ಟ್ ಕಚ್ಚಿಕೊಂಡು ಟೈಮಿಂಗ್ ಬೆಲ್ಟನ್ನೂ ಹರಿದುಹಾಕುತ್ತಿತ್ತು. ಹಿಂದೆ ಹೀಗೆ ಬಾಗಿದಂತೆಯೇ ಫೇಸ್ ಆದ ಹೆಡ್ಡನ್ನು ಆರು ಕಡೆಯ ಅಳತೆ ಮತ್ತೆ ಫೇಸಿಂಗಿಗೆ ಹಾಕುವ ಮೊದಲೇ ತೋರಿಸಿಕೊಡಬಲ್ಲದು. ಒಂದೇ ಕಡೆ ಅಳೆದು ಬಿಟ್ಟರೆ ಹೇಳುವುದಿಲ್ಲ.

ಅಲ್ಯೂಮಿನಿಯಂ ಹೆಡ್ ಹೀಗೆ ಬಾಗುವುದಕ್ಕೆ ಕಾರಣವಿದೆ. ಒಂದೇ ಕಾವಿಗೆ ಅಲ್ಯೂಮಿನಿಯಂ ಬೀಡು ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕೆಳಗೆ ಬೀಡಿನ ಬ್ಲಾಕ್, ಮೇಲೆ ಅಲ್ಯೂಮಿನಿಯಂ ಹೆಡ್, ಎರಡನ್ನೂ ಹತ್ತು ಬೋಲ್ಟುಗಳು ಬಿಗಿಹಿಡಿದಿರುತ್ತವೆ. ಉದ್ದಕ್ಕೆ ಹಿಗ್ಗಲು ಜಾಗ ಸಿಗದ ಹೆಡ್ ನಡುವೆ ಏಳುತ್ತದೆ. ಅಷ್ಟೇ ಅಲ್ಲದೆ ಮಿತಿಮೀರಿ ಕಾದ ಅಲ್ಯೂಮಿನಿಯಂ ತನ್ನ ಗಡಸುತನವನ್ನೂ ಕಳೆದುಕೊಳ್ಳುತ್ತದೆ, ಮೆತ್ತಗಾದ ಹೆಡ್‌ನಲ್ಲಿ ಬೋಲ್ಟ್ ಎಷ್ಟು ಬಿಗಿದರೂ ವಾಷರಿನ ಕೆಳಗೆ ಲೋಹ ಕುಸಿಯುತ್ತ ಹೋಗುತ್ತದೆ. ಆದ್ದರಿಂದ ನೀರಿಲ್ಲದೆ ಓಡಿದ ಹೆಡ್‌ನ ಗಡಸುತನವನ್ನೂ ನೋಡಿಸಬೇಕು, ಬಿರುಕಿಗಾಗಿ ನೀರಿನ ದಾರಿಗಳನ್ನು ಮುಚ್ಚಿ ಬಿಸಿನೀರಿನಲ್ಲಿ ಮುಳುಗಿಸಿ ಗಾಳಿಯ ಒತ್ತಡ ಕೊಟ್ಟು ಪರೀಕ್ಷಿಸಬೇಕು. ಇವು ಸರಿಯಿದ್ದರೆ ಬಾಗನ್ನು ನಿಧಾನವಾಗಿ ಕಾಯಿಸಿ ನೆಟ್ಟಗೆ ಮಾಡಿ, ಅಗತ್ಯವಿದ್ದರೆ ಕ್ಯಾಮ್ ಬೇರಿಂಗುಗಳನ್ನು ಲೈನ್ ಬೋರ್ ಮಾಡಿ, ಅಂದರೆ ಒಂದೇ ಸಾಲಿಗೆ ಕೊರೆದು, ಕೊನೆಗೆ ಫೇಸಿಂಗಿಗೆ ಹಾಕುವುದು ಕ್ರಮ. ಹೀಗೆ ಮೊದಲು ನೆಟ್ಟಗಾದ ಹೆಡ್‌ನಲ್ಲಿ ತೆಗೆಯಬೇಕಾದ ಲೋಹವೂ ಬಹಳ ಕಡಿಮೆ.

ದಪ್ಪ ಇಳಿದರೆ ಆಗುವುದೇನು ಎಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ, ಏಕೆಂದರೆ ಅರ್ಧ ಮಿಲಿಮೀಟರಿನಿಂದ ಏನು ಮಹಾ ಆಗುತ್ತದೆ ಎಂದು ಅನುಭವಸ್ಥ ಮೆಕ್ಯಾನಿಕ್ಕುಗಳೇ ನನ್ನನ್ನು ಕೇಳಿದ್ದಾರೆ. ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಸರಿಸುವ ಜಾಗ 300 ಸಿಸಿ, ಕಂಪ್ರೆಷನ್ ರೇಷಿಯೋ, ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಒಟ್ಟು ಜಾಗಕ್ಕೂ ಮೇಲೆ ಬಂದಾಗ ಉಳಿಯುವ ಜಾಗಕ್ಕೂ ಇರುವ ಪ್ರಮಾಣ, 9 ಎಂದಿಟ್ಟುಕೊಳ್ಳಿ. ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ 37.5 ಸಿಸಿ. ಹೆಡ್‌ನಲ್ಲಿರುವ ಚೇಂಬರಿನ ಬಾಯಿ 40 ಚದರ ಸೆಂಟಿಮೀಟರ್ ಇದ್ದರೆ, 0.72 ಮಿಲಿಮೀಟರ್ ಲೋಹ ತೆಗೆದಾಗ ಸುಮಾರು 2.9 ಸಿಸಿ ಜಾಗ ಹೋಗಿ 34.6 ಉಳಿಯುತ್ತದೆ, ರೇಷಿಯೋ 9.7ರ ಹತ್ತಿರಕ್ಕೆ ಏರುತ್ತದೆ. ಪೆಟ್ರೋಲಿನಲ್ಲಿ ಕಟಕಟ ಬಂದದ್ದು ಇದರಿಂದ. ಎರಡನೆಯದಾಗಿ, ಹೆಡ್ ಕೆಳಗಿಳಿದಷ್ಟು ಕ್ಯಾಮ್ ಪುಲ್ಲಿಯೂ, ಬೆಲ್ಟಿನಿಂದ ಅದನ್ನು ತಿರುಗಿಸುವ ಕೆಳಗಿನ ಕ್ರ್ಯಾಂಕಿನ ಹತ್ತಿರಕ್ಕೆ ಬರುತ್ತದೆ. ಬೆಲ್ಟಿನ ಸಡಿಲವನ್ನು ಟೆನ್ಷನರ್ ಒಂದು ಬದಿಯಲ್ಲಿ ಎಳೆದುಕೊಳ್ಳುತ್ತದೆ, ಎಳೆಯುವ ಬದಿ ಮಾತ್ರ ಗಿಡ್ಡವಾಗಿ ಕ್ಯಾಮ್ ಹಿಂದೆ ಬೀಳುತ್ತದೆ. ಪುಲ್ಲಿಯ ತ್ರಿಜ್ಯ 50 ಮಿಲಿಮೀಟರ್ ಇದ್ದರೆ ಮುಕ್ಕಾಲು ಮಿಲಿಮೀಟರಿಗೆ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು 1.7 ಡಿಗ್ರಿ ತಡ. ಗುರುತುಗಳು ಕೂಡಿದ ಹಾಗೆಯೇ ಕಾಣುತ್ತವೆ, ಗಾಡಿಗೆ ಮಾತ್ರ ಮೊದಲಿನ ಎಳೆತ ಇರುವುದಿಲ್ಲ. ಇನ್ನು ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಅಂತರ ಮೊದಲೇ ಕಡಿಮೆ ಇಟ್ಟಿರುವ ಎಂಜಿನ್ನುಗಳಲ್ಲಿ ಅದು ಮತ್ತೂ ಕಿರಿದಾಗುವ ಅಪಾಯವನ್ನು ಬೇರೆ ಹೇಳಬೇಕಾಗಿಲ್ಲ.

ಡೀಸೆಲ್ ಗಾಡಿಯವರು ಇನ್ನೂ ಎಚ್ಚರವಾಗಿರಬೇಕು. ಕೆಳಮೈ ಪೂರ್ತಿ ಚಪ್ಪಟೆಯಾಗಿರುವ ಡೀಸೆಲ್ ಹೆಡ್‌ನಲ್ಲಿ ಚೇಂಬರ್ ಇರುವುದು ಪಿಸ್ಟನ್ನಿನ ತಲೆಯಲ್ಲಿ, ಆದ್ದರಿಂದ ಫೇಸಿಂಗಿನಿಂದ ಕಂಪ್ರೆಷನ್ ಅಷ್ಟೇನೂ ಬದಲಾಗದು. ಆದರೆ ಒಳಕ್ಕೆ ತಗ್ಗಿ ಕೂತಿರಬೇಕಾದ ವಾಲ್ವುಗಳು ಮೈ ಸಮಕ್ಕೆ ಬರುತ್ತವೆ, ಇಂಜೆಕ್ಟರಿನ ತುದಿ ಇರಬೇಕಾದದ್ದಕ್ಕಿಂತ ಹೊರಚಾಚುತ್ತದೆ. ವಾಲ್ವ್ ಸೀಟುಗಳನ್ನು ಮತ್ತೆ ಕತ್ತರಿಸಿ ತಗ್ಗಿಸಬೇಕು, ಇಂಜೆಕ್ಟರಿನ ಕೆಳಗಿನ ತಾಮ್ರದ ವಾಷರಿನ ದಪ್ಪವನ್ನು ನೋಡಿ ಹಾಕಬೇಕು. ಬಹಳಷ್ಟು ಡೀಸೆಲ್ ಎಂಜಿನ್ನುಗಳಲ್ಲಿ ಪಿಸ್ಟನ್ ಬ್ಲಾಕಿನ ಮೇಲೆ ಎಷ್ಟು ಏಳುತ್ತದೆ ಎಂದು ಡಯಲ್ ಗೇಜಿನಿಂದ ಅಳೆದು, ಅದಕ್ಕೆ ತಕ್ಕಂತೆ ಅಂಚಿನಲ್ಲಿ ಒಂದು, ಎರಡು ಅಥವಾ ಮೂರು ಕಚ್ಚುಗಳಿರುವ ಗ್ಯಾಸ್ಕೆಟ್‌ನಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಹಳೆಯದರಲ್ಲಿ ಎಷ್ಟು ಕಚ್ಚುಗಳಿದ್ದವು ಎಂದು ನೋಡದೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹಾಕುವುದನ್ನು ಕಂಡಿದ್ದೇನೆ. ಕೆಲವು ಡೀಸೆಲ್ ಹೆಡ್ಡುಗಳನ್ನು ಫೇಸ್ ಮಾಡಲೇಬಾರದು ಎಂದು ತಯಾರಕರೇ ಬರೆದಿರುತ್ತಾರೆ. ಅಂಥ ಹೆಡ್ ಬಾಗಿದರೆ ಬದಲಿಸುವುದೊಂದೇ ದಾರಿ.

ಅಳೆಯುವ ಹೊತ್ತಿನ ಬಗ್ಗೆಯೂ ಒಂದು ಮಾತು. ಉದ್ದದ ಅಳತೆಗಳಿಗೆ 20 ಡಿಗ್ರಿ ಸೆಲ್ಸಿಯಸ್ಸೇ ಆಧಾರ ಎಂದು 1931ರಲ್ಲಿಯೇ ಜಗತ್ತು ಒಪ್ಪಿಕೊಂಡಿದೆ. ಮೇ ತಿಂಗಳ ಮಧ್ಯಾಹ್ನ ಪುಣೆಯ ತಗಡಿನ ಶೆಡ್ಡಿನೊಳಗೆ 40 ಡಿಗ್ರಿ ಇರುವುದು ದೊಡ್ಡ ಮಾತಲ್ಲ. 127 ಮಿಲಿಮೀಟರಿನ ಅಲ್ಯೂಮಿನಿಯಂ ಹೆಡ್ ಆ 20 ಡಿಗ್ರಿಯ ವ್ಯತ್ಯಾಸಕ್ಕೆ ಸುಮಾರು 0.06 ಮಿಲಿಮೀಟರ್ ಹಿಗ್ಗುತ್ತದೆ. ಉಕ್ಕಿನ ಮೈಕ್ರೋಮೀಟರ್ ಅದರ ಅರ್ಧದಷ್ಟು ಹಿಗ್ಗಿ ತಪ್ಪಿನ ಅರ್ಧವನ್ನು ಮುಚ್ಚಿಹಾಕುತ್ತದೆ, ಉಳಿದ ಅರ್ಧ ಉಳಿಯುತ್ತದೆ. ತೊಳೆಯುವ ಬಿಸಿನೀರಿನ ತೊಟ್ಟಿಯಿಂದ ಈಗಷ್ಟೇ ಎತ್ತಿದ ಹೆಡ್ಡನ್ನು ಅಳೆದರಂತೂ ಇನ್ನೂ ದಪ್ಪವಿದೆ ಎಂಬ ಸುಳ್ಳು ಸಮಾಧಾನ ಸಿಗುತ್ತದೆ. ಹೆಡ್, ಮೈಕ್ರೋಮೀಟರ್, ಸೆಟ್ಟಿಂಗ್ ರಾಡ್ ಮೂರನ್ನೂ ರಾತ್ರಿಯಿಡೀ ಒಂದೇ ಕಲ್ಲಿನ ಮೇಲೆ ಬಿಟ್ಟು ಬೆಳಗಿನ ತಂಪಿನಲ್ಲಿ ಅಳೆಯುವುದು ನನ್ನ ರೂಢಿ. ಎಸಿ ಕೋಣೆ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಮೂಲ ದಪ್ಪ ಎಷ್ಟೆಂಬ ಪುಸ್ತಕವೇ ಸಿಗುವುದಿಲ್ಲ, ಅಳೆದು ಏನು ಮಾಡುವುದು ಎಂದು ಕೇಳುವವರಿದ್ದಾರೆ. ಈ ತಕರಾರಿನಲ್ಲಿ ನ್ಯಾಯವಿದೆ. ಹಾಗಿದ್ದಲ್ಲಿ ಅದೇ ಮಾಡೆಲ್‌ನ ಹೊಸ ಹೆಡ್ಡನ್ನು ಬಿಡಿಭಾಗದ ಅಂಗಡಿಯಲ್ಲಿಯೇ ಅಳೆದು ಬರೆದುಕೊಳ್ಳಬಹುದು, ಒಳ್ಳೆಯ ಅಂಗಡಿಯವರು ಬೇಡ ಎನ್ನುವುದಿಲ್ಲ. ಅದೂ ಆಗದಿದ್ದರೆ ಚೇಂಬರಿನ ಜಾಗವನ್ನೇ ಅಳೆಯಬಹುದು: ವಾಲ್ವ್ ಮತ್ತು ಪ್ಲಗ್ ಕೂರಿಸಿ, ಚೇಂಬರಿನ ಬಾಯಿಗೆ ತೆಳುವಾಗಿ ಗ್ರೀಸ್ ಸವರಿ, ತೂತಿರುವ ದಪ್ಪ ಅಕ್ರಿಲಿಕ್ ತುಂಡನ್ನು ಮುಚ್ಚಿ, ಪ್ರಯೋಗಾಲಯದ ಬ್ಯುರೆಟ್ಟಿನಿಂದ ಸೀಮೆಎಣ್ಣೆ ಬಿಟ್ಟು, ಗಾಳಿಗುಳ್ಳೆ ಉಳಿಯದಂತೆ ತುಂಬಿದಾಗ ಎಷ್ಟು ಸಿಸಿ ಹಿಡಿಯಿತು ಎಂದು ಓದಿಕೊಳ್ಳುವುದು. ನಾಲ್ಕೂ ಸಿಲಿಂಡರುಗಳಲ್ಲಿ ಹೀಗೆ ಮಾಡಿದರೆ ಹೆಡ್ ಓರೆಯಾಗಿ ಕತ್ತರಿಸಿದೆಯೇ ಎಂಬುದೂ ತಿಳಿಯುತ್ತದೆ, ಏಕೆಂದರೆ ಒಂದನೆಯ ಮತ್ತು ನಾಲ್ಕನೆಯ ಚೇಂಬರುಗಳ ಸಿಸಿ ಬೇರೆ ಬೇರೆ ಬರುತ್ತದೆ. ಕುರ್ಲಾದ ಕಡೆಯಿಂದ ಹಳೆಯ ಹೆಡ್ ಕೊಂಡು ತರುವ ನಮ್ಮ ಮುಂಬಯಿಯ ಬಂಧುಗಳಿಗೂ ನಾನು ಹೇಳುವುದು ಇದನ್ನೇ. ದುಡ್ಡು ಎಣಿಸುವ ಮೊದಲು ಹೆಡ್ಡನ್ನು ಅಲ್ಲಿಯೇ ಅಳೆಯಿರಿ, ಮೈ ಎಷ್ಟು ಹೊಳೆಯುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಬೇಡಿ. ಹೆಚ್ಚು ಹೊಳೆಯುವುದು ಇತ್ತೀಚೆಗೆ ಕತ್ತರಿಸಿದ್ದು, ಅಷ್ಟೇ.

ಅಳತೆಯನ್ನು ಬರೆಯುವಾಗ ಮಿಲಿಮೀಟರ್ ಎಂದು ಪೂರ್ತಿ ಬರೆಯಬೇಕು. ಹಳೆಯ ಮಷಿನಿಸ್ಟರು ಇಂದಿಗೂ ಥೌ ಲೆಕ್ಕದಲ್ಲಿ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗದಲ್ಲಿ ಮಾತಾಡುತ್ತಾರೆ. ಹೊಸ ಹುಡುಗರು ಮಿಲಿಮೀಟರಿನ ನೂರನೆಯ ಭಾಗದಲ್ಲಿ ಮಾತಾಡುತ್ತಾರೆ. ‘ಹತ್ತು ತೆಗಿ’ ಎಂದು ಒಬ್ಬರು ಹೇಳಿ ಇನ್ನೊಬ್ಬರು ಕೇಳಿಸಿಕೊಂಡರೆ 0.10 ಹೋಗಬೇಕಾದಲ್ಲಿ 0.25 ಹೋಗುತ್ತದೆ. ಇಂಥದೊಂದು ತಪ್ಪು ನನ್ನ ಮೇಜಿನ ಮುಂದೆಯೇ ನಡೆದು ಒಂದು ಹೊಸ ಹೆಡ್ ಹಾಳಾದ ಮೇಲೆ ನಮ್ಮ ವರ್ಕ್‌ಶಾಪಿನಲ್ಲಿ ಬಾಯಿಮಾತಿನ ಅಳತೆಯನ್ನು ನಿಲ್ಲಿಸಿದೆವು.

ಕಾರು ತಯಾರಿಸುವ ಕಂಪನಿಗಳಿಗೆ ನನ್ನದೊಂದು ಪ್ರಶ್ನೆಯಿದೆ. ಗಾಡಿಯ ಬ್ರೇಕ್ ಡಿಸ್ಕನ್ನು ತೆಗೆದು ನೋಡಿದರೆ ಅದರ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಎಂಬುದನ್ನು ಲೋಹದಲ್ಲಿಯೇ ಒತ್ತಿರುತ್ತಾರೆ. ಹಳ್ಳಿಯ ಗ್ಯಾರೇಜಿನ ಹುಡುಗನೂ ಅದನ್ನು ಓದಿ, ಅಳೆದು, ಬದಲಿಸಬೇಕೋ ಬೇಡವೋ ಎಂದು ಹೇಳಬಲ್ಲ. ಸಿಲಿಂಡರ್ ಹೆಡ್‌ನ ಮೇಲೆಯೂ ಹೊಸದರ ದಪ್ಪ, ಕನಿಷ್ಠ ದಪ್ಪ ಎಂಬ ಎರಡು ಸಂಖ್ಯೆಗಳನ್ನು ಎರಕ ಹೊಯ್ಯುವಾಗಲೇ ಮೂಡಿಸಲು ಏನು ಅಡ್ಡಿ? ಎರಕದ ಮೈಯಲ್ಲಿ ಪಾರ್ಟ್ ನಂಬರಿಗೆ, ತಯಾರಾದ ದಿನಾಂಕಕ್ಕೆ ಜಾಗವಿದೆ, ಇದಕ್ಕೂ ಇರಲೇಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರಿ ಪೋರ್ಟಲ್ ತೆರೆದಾಗ ಅದರಲ್ಲಿ ಮೋಟಾರು ವಾಹನಗಳನ್ನೂ ಸೇರಿಸಿತು. ರಿಪೇರಿಯ ಹಕ್ಕು ಎಂದರೆ ಬಿಡಿಭಾಗ ಸಿಗುವುದಷ್ಟೇ ಅಲ್ಲ, ಇಂಥ ಅಳತೆಗಳು ಬೀದಿಯ ಗ್ಯಾರೇಜಿಗೂ ಸಿಗುವುದು. ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಇದೇ ಪುಣೆಯಲ್ಲಿದೆ, ಅದು ಕೂತಿರುವ ವೇತಾಳ ಗುಡ್ಡದಿಂದ ಗಾಡಿಯಲ್ಲಿ ಹೊರಟರೆ ಒಂದೆರಡು ಗಂಟೆಯೊಳಗೆ ನಮ್ಮ ಎಲ್ಲ ಮಷಿನ್ ಶಾಪುಗಳನ್ನೂ ಮುಟ್ಟಬಹುದು. ಅಳತೆಯ ಶಿಸ್ತು ಇಷ್ಟು ಹತ್ತಿರವಿರುವ ಊರಿನಲ್ಲಿ ಹೆಡ್‌ನ ದಪ್ಪವನ್ನು ಕಣ್ಣಂದಾಜಿಗೆ ಬಿಟ್ಟಿರುವುದು ನನಗೆ ನಿಜವಾಗಿಯೂ ನೋವು ತರುತ್ತದೆ.

ಮಷಿನ್ ಶಾಪಿನವರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಗಿರಾಕಿ ಬಾಗಿಲಲ್ಲಿ ನಿಂತು ಸಂಜೆಗೇ ಬೇಕು ಎನ್ನುತ್ತಾನೆ, ಹೆಡ್ ಮಿತಿ ದಾಟಿದೆ ಎಂದರೆ ಪಕ್ಕದ ಶಾಪಿಗೆ ಎತ್ತಿಕೊಂಡು ಹೋಗುತ್ತಾನೆ, ಅಲ್ಲಿ ಅವರು ಏನೂ ಕೇಳದೆ ಮಾಡಿಕೊಡುತ್ತಾರೆ. ಹೀಗಿರುವಾಗ ಅಳೆದು ಬೇಡ ಎಂದವನಿಗೇ ನಷ್ಟ. ಅದಕ್ಕಾಗಿಯೇ ಗಿರಾಕಿ ಕೇಳಬೇಕು ಎನ್ನುತ್ತಿದ್ದೇನೆ. ಆರು ಕಡೆ ಅಳೆದು ಬರೆಯಲು ಕಸುಬು ಬಲ್ಲವನಿಗೆ ಹತ್ತು ನಿಮಿಷ ಸಾಕು, ಅದಕ್ಕೆ ಬೇರೆ ಮಜೂರಿ ಕೇಳಿದರೆ ಸಂತೋಷದಿಂದ ಕೊಡಿ. ಫೇಸಿಂಗಿಗೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟು ಉಳಿಯಿತು ಎಂಬ ಎರಡು ಸಂಖ್ಯೆಗಳು ಬಿಲ್ಲಿನಲ್ಲಿ ಇರಲಿ, ಕೊನೆಯ ಸಂಖ್ಯೆಯನ್ನು ಹೆಡ್‌ನ ಪಕ್ಕದಲ್ಲಿ, ಗ್ಯಾಸ್ಕೆಟ್ ಕೂರದ ಜಾಗದಲ್ಲಿ, ನಂಬರ್ ಪಂಚಿನಿಂದ ಒತ್ತಿಸಿಕೊಳ್ಳಿ. ಮುಂದೆ ಆ ಗಾಡಿ ಯಾರ ಕೈಗೆ ಹೋದರೂ ಹೆಡ್ ತನ್ನ ಲೆಕ್ಕವನ್ನು ತಾನೇ ಹೊತ್ತಿರುತ್ತದೆ. ಔಂಧ್‌ನ ಐಟಿಐಯಲ್ಲಿ ಓದುತ್ತಿರುವ ನಮ್ಮ ಹುಡುಗರು ವರ್ನಿಯರ್, ಮೈಕ್ರೋಮೀಟರ್ ಎರಡನ್ನೂ ಕಲಿತೇ ಹೊರಬರುತ್ತಾರೆ. ಗ್ಯಾರೇಜಿಗೆ ಸೇರಿದ ಮೇಲೆ ಅವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ ಎಂದು ಅವರ ಮನೆಯವರು ಹೇಳಬೇಕು.

ನನ್ನ ಅಳಿಯನ ಗಾಡಿಗೆ ಕೊನೆಗೆ ಬಳಸಿದ ಹೆಡ್ ಒಂದನ್ನು ಹುಡುಕಿದೆವು. ಮೂರು ಹೆಡ್ಡುಗಳನ್ನು ಅಳೆದು ಬಿಟ್ಟ ಮೇಲೆ ಸಿಕ್ಕ ನಾಲ್ಕನೆಯದು ಅದು. ಆರೂ ಕಡೆ 126.96ರಿಂದ 126.98ರವರೆಗೆ ಬಂತು, ಕ್ಯಾಮ್ ಶಾಫ್ಟ್ ಎರಡು ಬೆರಳಿಗೆ ತಿರುಗಿತು, ಬಿಸಿನೀರಿನ ತೊಟ್ಟಿಯಲ್ಲಿ ಗುಳ್ಳೆ ಏಳಲಿಲ್ಲ. ಫೇಸಿಂಗಿನಲ್ಲಿ ಕಲ್ಲು ತಾಗಿ ತಾಗದಂತೆ 0.04 ತೆಗೆಸಿದೆವು. ಹೊಸ ಬೋಲ್ಟು, ಹೊಸ ಗ್ಯಾಸ್ಕೆಟ್, ಹೊಸ ಹೋಸ್ ಪೈಪು ಹಾಕಿ, ನಡುವಿನಿಂದ ಹೊರಕ್ಕೆ ಹಂತಹಂತವಾಗಿ ಬಿಗಿದು ಕಟ್ಟಿದ್ದಾಯಿತು. ಹಿಂಬದಿಯಲ್ಲಿ 126.92 ಎಂದು ನಾನೇ ಪಂಚ್ ಮಾಡಿದ್ದೇನೆ. ಪಿಂಪ್ರಿ-ಚಿಂಚವಡದ ನಮ್ಮ ಗಾಡಿ ಮಾಲೀಕರು ಯಾರಾದರೂ ಬಿಚ್ಚಿದ ಹೆಡ್ಡನ್ನು ಹಿಂದಿನ ಸಂಜೆ ತಂದು ನಮ್ಮ ಮನೆಯಲ್ಲಿ ಇಟ್ಟುಹೋದರೆ, ಮರುದಿನ ಬೆಳಿಗ್ಗೆ ಅಳೆದು ಚೀಟಿ ಬರೆದು ಕೊಡಲು ನಾನು ಸಿದ್ಧನಿದ್ದೇನೆ, ದುಡ್ಡು ಬೇಡ. ನನ್ನ ವಿಳಾಸವನ್ನು ತಮ್ಮ ಕಚೇರಿಯಲ್ಲಿ ಕೊಟ್ಟಿರುತ್ತೇನೆ, ಕೇಳಿದವರಿಗೆ ದಯವಿಟ್ಟು ತಿಳಿಸಿರಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ತಪಾಸಣಾ ಮೇಲ್ವಿಚಾರಕ,
ನಿಗಡಿ, ಪುಣೆ